ಅಮಾವಾಸ್ಯೆ ಕಳೆಯುವ ತನಕ

ನಾನು ಡೂಲಾ. ಸೂಲಗಿತ್ತಿಯೂ ಅಲ್ಲ, ನರ್ಸೂ ಅಲ್ಲ. ಬಸಿರಿಯ ಸೊಂಟ ನೀವಿ, ಧೈರ್ಯ ಹೇಳಿ, ಹೆರಿಗೆ ಮುಗಿಯುವ ತನಕ ಪಕ್ಕದಲ್ಲೇ ಇರುವುದು ನನ್ನ ಕೆಲಸ. ಇಷ್ಟಕ್ಕೂ ಒಬ್ಬಳು ಬೇಕಾ ಎಂದು ಮೂಗು ಮುರಿಯುವವರಿಗೆ ಉತ್ತರ ಕೊಡುವುದನ್ನು ಎಂದೋ ಬಿಟ್ಟಿದ್ದೇನೆ.

ನಿಗಡಿಯ ರೇಣುವಿಗೆ ಇದು ಚೊಚ್ಚಲು. ಗಂಡ ಸ್ವಪ್ನಿಲ್‌ಗೆ ದೂರದ ದೌಂಡಿನಲ್ಲಿ ರೈಲ್ವೆ ನೌಕರಿ. ಮನೆಯಲ್ಲಿರುವವರು ಅತ್ತೆ ಗೌರಾಬಾಯಿ. ರೇಣುವಿಗೆ ದಿನ ತುಂಬಿತ್ತು. ದಿನಕ್ಕೆ ನಾಲ್ಕು ಸಲ ಮೆಸೇಜ್ ಮಾಡುವ ಹುಡುಗಿಯ ಫೋನ್ ಅಂದು ಬೆಳಗ್ಗೆಯಿಂದ ಸ್ವಿಚ್ ಆಫ್. ಮಧ್ಯಾಹ್ನ ಒಂದಕ್ಕೆ ತಡೆಯಲಾಗದೆ ಸ್ಕೂಟರ್ ಹತ್ತಿದೆ.

ಬಾಗಿಲು ತೆರೆದ ಗೌರಾಬಾಯಿ ಅಡ್ಡ ನಿಂತರು. "ಮಲಗ್ಯಾಳ್ರಿ. ಸಂಜೀಕ ಬರ್ರಿ."

ಅವರ ಹೆಗಲ ಮೇಲಿಂದ ಬಾಲ್ಕನಿ ಕಾಣುತ್ತಿತ್ತು. ತಂತಿಯ ಮೇಲೆ ಎರಡು ನೈಟಿ, ಒಂದು ಚಾದರ. ಚಾದರದ ನಡುವೆ ಒಗೆದರೂ ಹೋಗದ ಹಸಿರು ಕಲೆ. ಕೂಸು ಒಳಗೇ ಹೊಲಸು ಮಾಡಿಕೊಂಡರೆ ಗರ್ಭದ ನೀರು ಹಸಿರಾಗುತ್ತದೆ. ಆಮೇಲೆ ಮನೆಯಲ್ಲಿ ಕೂರುವಂತಿಲ್ಲ.

"ನೀರು ಯಾವಾಗ ಹೋತ್ರಿ?"

"ನಸುಕಿನ್ಯಾಗ. ಎರಡಕ್ಕ ಅಮಾಸಿ ಮುಗೀತದ, ಆಮ್ಯಾಲೆ ದವಾಖಾನಿಗೆ ಹೋಗೂಣು ಅಂದೆ. ಅಮಾಸ್ಯಾಗ ಕೂಸು ಹುಟ್ಟಿದ್ರ ಅಪ್ಪಗ ಕೇಡಂತ್ರಿ. ನನಗ ಇರಾಂವ ಒಬ್ಬನ ಮಗ." ದನಿ ಗಟ್ಟಿ ಮಾಡಿದರು. "ನೀವ ಹೇಳಿದ್ರಲ್ಲ, ಚೊಚ್ಚಲ ಹೆರಿಗಿ, ನೀರ ಹೋದ್ರೂ ಗಾಬರಿ ಬ್ಯಾಡ, ಭಾಳ ಹೊತ್ತ ಹಿಡೀತದ ಅಂತ?"

ಹೇಳಿದ್ದೆ. ನೀರಿನ ಬಣ್ಣ ನೋಡಿ, ಕೂಸಿನ ಮಿಸುಕಾಟ ನೋಡಿ, ತಕ್ಷಣ ಫೋನ್ ಮಾಡಿ ಎಂದೂ ಹೇಳಿದ್ದೆ. ಅವರು ಬೇಕಾದಷ್ಟನ್ನೇ ಕಿವಿಗೆ ಹಾಕಿಕೊಂಡಿದ್ದರು. ಸಿಟ್ಟು ನೆತ್ತಿಗೇರಿತು, ಅವರ ಮೇಲೆಷ್ಟೋ ನನ್ನ ಮೇಲೂ ಅಷ್ಟೇ. ಅವರನ್ನು ಸರಿಸಿ ಒಳಗೆ ನುಗ್ಗಿದೆ.

ರೇಣು ಕಾಲು ಜೋಡಿಸಿಕೊಂಡು ಮಲಗಿದ್ದಳು. ಕೂಸು ಕಡೆಯ ಸಲ ಮಿಸುಕಿದ್ದು ಯಾವಾಗ ಎಂದು ಕೇಳಿದೆ.

"ಮುಂಜಾನೆ ಭಾಳ ಒದ್ಯಾಡ್ತಿತ್ತು ಅಕ್ಕಾ. ಈಗ ಸುಮ್ನಾಗ್ಯದ. ಶ್ಯಾಣೆ ಕೂಸು, ಅಮಾಸಿ ಹೋಗೂತನಕ ತಡಕೊಂಡದ ಅಂದ್ರು ಅತ್ತಿ."

ಅವಳನ್ನು ತಟ್ಟನೆ ಎಬ್ಬಿಸಿ ನಿಲ್ಲಿಸಿದೆ. ರಿಕ್ಷಾ ಹಿಡಿದು ದವಾಖಾನೆ ಮುಟ್ಟುವವರೆಗೂ ಅವಳ ಹೊಟ್ಟೆಯ ಮೇಲೆ ಅಂಗೈ ಊರಿ ಕೂತೆ. ಒಂದು ಸಲವಾದರೂ ಒದೆಯಲಿ ಎಂದು ಕಾದೆ. ಗೌರಾಬಾಯಿ ಮೊಬೈಲಿನಲ್ಲಿ ಗಂಟೆ ನೋಡುತ್ತಿದ್ದರು.

ಕೂಸಿನ ಎದೆಬಡಿತ ಕೇಳಿಸುವ ಯಂತ್ರವನ್ನು ನರ್ಸ್ ಹೊಟ್ಟೆಯ ಎಡಕ್ಕಿಟ್ಟಳು, ಬಲಕ್ಕಿಟ್ಟಳು, ಕೆಳಗೆ ಒತ್ತಿ ಹಿಡಿದಳು. ಗೊರಗೊರ ಸದ್ದು ಬಿಟ್ಟರೆ ಏನೂ ಇಲ್ಲ. ಡಾಕ್ಟರನ್ನು ಕರೆಯಿರೆಂದು ಮರಾಠಿಯಲ್ಲಿ ಕೂಗಿ, ಯಂತ್ರದ ದನಿಯನ್ನು ಪೂರ್ತಿ ತಗ್ಗಿಸಿದಳು.

ಬಾಗಿಲಲ್ಲಿ ನಿಂತಿದ್ದ ಗೌರಾಬಾಯಿ ನಿಟ್ಟುಸಿರುಬಿಟ್ಟು ಕೈ ಮುಗಿದರು. "ಎರಡಾತ್ರಿ. ಇನ್ನ ಹುಟ್ಟಲಿ."

ರೇಣು ನನ್ನ ಮುಖವನ್ನೇ ನೋಡುತ್ತಿದ್ದಳು. "ಅಕ್ಕಾ, ನಿಮಗ ಕೇಳಸ್ತೇನ್ರಿ?"

ಬಸಿರಿಗೆ ಸುಳ್ಳು ಹೇಳಬಾರದೆಂಬುದು ನಾನಾಗಿ ಹಾಕಿಕೊಂಡ ನಿಯಮ. ಆ ಹೊತ್ತಿನಲ್ಲಿ ಅದನ್ನು ಮುರಿಯಬೇಕೆಂದು ಎಷ್ಟು ಅನಿಸಿತೋ.

"ಕೇಳಸವಲ್ದು, ರೇಣು" ಎಂದೆ.

ಅವಳು ನನ್ನನ್ನು ಆಚೆ ತಳ್ಳಿ, ಎರಡೂ ಕೈಯಿಂದ ಹೊಟ್ಟೆಯನ್ನು ಅವುಚಿಕೊಂಡಳು.