ಮಗುಚಿದ ಹಲಗೆ

ದುಃಖ ಬಂದರೆ ಕೆಲವರು ಅಳುತ್ತಾರೆ, ಕೆಲವರು ಬಾಯಿಗೆ ಬೀಗ ಹಾಕಿಕೊಳ್ಳುತ್ತಾರೆ. ಮೆಟ್ಟಿಲ ಮೇಸ್ತ್ರಿಗೆ ಮಾತ್ರ ಕೈ ಕಡಿಯುತ್ತದೆ. ಮಗಳು ತೀರಿಕೊಂಡ ಮೇಲೆ ಹೆಂಡತಿಯನ್ನು ಅವಳ ಅಕ್ಕ ಬಂದು ತನ್ನ ಮನೆಗೆ ಕರೆದುಕೊಂಡು ಹೋಗಿದ್ದಳು. ಖಾಲಿ ಮನೆಯಲ್ಲಿ ಈ ಮನುಷ್ಯ ತೆಪ್ಪಗೆ ಕೂತಿದ್ದರೆ ಸಾಕಿತ್ತು. ಕೂರಲಿಲ್ಲ.

ಅವನ ಕಸುಬೇ ಮರದ ಮೆಟ್ಟಿಲು ಮಾಡುವುದು. ಅದರಲ್ಲೂ ತೆರೆದ ಮೆಟ್ಟಿಲು. ಎರಡು ಕಡೆ ಓರೆಯಾಗಿ ನಿಂತ ತೊಲೆ, ನಡುವೆ ಬರಿಯ ಹಲಗೆಗಳು, ಹಲಗೆಗೂ ಹಲಗೆಗೂ ಮಧ್ಯೆ ಖಾಲಿ ಜಾಗ, ಆಚೆಯ ಬೆಳಕು ಈಚೆಗೆ ಹಾಯಬೇಕು. ತನ್ನ ಮನೆಗೂ ಅಂಥದ್ದನ್ನೇ ಕೂರಿಸಿದ್ದ. ಅದರ ಕೆಳಗೇ ಅಡುಗೆಮನೆ. ಒಲೆಯ ಮುಂದೆ ನಿಂತ ಹೆಂಡತಿಗೆ, ಮಗಳು ಇಳಿದು ಬರುವಾಗ ಮುಖಕ್ಕಿಂತ ಮೊದಲು ಪಾದ ಕಾಣುತ್ತಿತ್ತು. "ಬಂತು ನೋಡಿ ದೊರೆಸಾನಿ ಸವಾರಿ," ಅನ್ನುತ್ತಿದ್ದಳು.

ದೊರೆಸಾನಿ ಎಂದು ಹೆಸರಿಟ್ಟವನು ಅವನೇ. ಹುಡುಗಿಯ ಬಲಗಾಲಿಗೆ ಚಿಕ್ಕಂದಿನಿಂದ ಶಕ್ತಿಯಿರಲಿಲ್ಲ. ಕಬ್ಬಿಣದ ಪಟ್ಟಿ ಬಿಗಿದ ಬೂಟು ಹಾಕಿಕೊಂಡು, ಕಾಲನ್ನು ಎಳೆಯುತ್ತಾ, ಯಾರಿಗೂ ಕೈ ಕೊಡದೆ ಠೀವಿಯಿಂದ ಇಳಿಯುತ್ತಿದ್ದಳು. ಅವಳ ಹೊಲಿಗೆ ಮಿಷನ್ ಇದ್ದದ್ದು ಮಹಡಿಯಲ್ಲಿ. "ಕೆಳಗೇ ಇಟ್ಕೋಬಾರ್ದೇನೇ?" ಅಂದರೆ, "ಮತ್ತೆ ಮೆಟ್ಟಿಲು ಮಾಡಿದ್ದು ಯಾಕಪ್ಪ, ನೋಡೋಕಾ?" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಆ ಬೂಟು ಉಜ್ಜಿ ಉಜ್ಜಿ ಪ್ರತಿ ಹಲಗೆಯ ಅಂಚಿನ ಬಳಿ ಒಂದೊಂದು ಹಳ್ಳ ಬಿದ್ದಿತ್ತು. ಅರ್ಧ ದಾರಿಯಲ್ಲಿ ನಿಂತು, ಕೆಳಗಿದ್ದ ಅಮ್ಮನ ಜೊತೆ ಹರಟುವ ಚಾಳಿ ಬೇರೆ. ಆ ಹಲಗೆಯ ಹಳ್ಳ ಎಲ್ಲಕ್ಕಿಂತ ಆಳ.

ಈ ಚಳಿಗಾಲ ಅವಳ ಜ್ವರ ಎದೆಗಿಳಿಯಿತು. ಆಸ್ಪತ್ರೆಗೆ ಹೊರಟಾಗ ಮೊದಲ ಸಲ ಅಪ್ಪನ ಕೈ ಹಿಡಿದುಕೊಂಡು ಇಳಿದಳು. ಮತ್ತೆ ಹತ್ತಲಿಲ್ಲ.

ಆ ಹಳ್ಳಗಳನ್ನು ಕಂಡಾಗಲೆಲ್ಲ ಅವನು ಮುಖ ತಿರುಗಿಸಿಕೊಳ್ಳುತ್ತಿದ್ದ. ಹೆಂಡತಿ ವಾಪಸು ಬಂದು ದಿನಾ ಇದನ್ನು ನೋಡಿಕೊಂಡು ಹೇಗೆ ಬದುಕುತ್ತಾಳೆ ಎಂದು ಅವನಿಗೆ ಅನ್ನಿಸಿತು. ಕೀಸುಳಿ ಎತ್ತಿಕೊಂಡ. ಒಂದೊಂದೇ ಹಲಗೆ ಬಿಚ್ಚಿ, ಕೀಸಿ, ಪಾಲಿಶ್ ಪೇಪರಿನಲ್ಲಿ ತಿಕ್ಕಿ, ಎಣ್ಣೆ ಕುಡಿಸಿದ. ಹಳ್ಳ ತೀರಾ ಆಳವಾದ ಹಲಗೆಯನ್ನು ಕೀಸಿದರೆ ತೆಳ್ಳಗಾಗಿ ಭಾರ ತಡೆಯುವುದಿಲ್ಲ, ಅದನ್ನು ಮಗುಚಿ ಕೂರಿಸುವುದು ಕಸುಬಿನ ರೂಢಿ. ನಡುವಿನ ಆ ಹಲಗೆಯನ್ನು ಹಾಗೆಯೇ ಮಗುಚಿದ. ಎಲ್ಲವೂ ಕೈಗೆ ಪಳಗಿದ ಕೆಲಸ, ಮನಸ್ಸು ಅಲ್ಲಿರಲೇ ಇಲ್ಲ. ಕೀಸಿದ ಸಿಪ್ಪೆಯನ್ನು ಬಚ್ಚಲ ಒಲೆಗೆ ಹಾಕಿ ಸ್ನಾನಕ್ಕೆ ನೀರು ಕಾಯಿಸಿಕೊಂಡ. ಎಂಥ ಜಾಣ ನೋಡಿ.

ಹೆಂಡತಿ ಬಂದಳು. ಹೆಗಲ ಚೀಲವನ್ನೂ ಇಳಿಸದೆ ನೆಟ್ಟಗೆ ಮೆಟ್ಟಿಲ ಬಳಿ ಹೋಗಿ ಕೂತು, ಕೆಳಗಿನ ಹಲಗೆಯ ಮೇಲೆ ಕೈಯಾಡಿಸಿದಳು. ಅದರ ಮೇಲಿನದನ್ನು ಮುಟ್ಟಿದಳು. ಇನ್ನೂ ಮೇಲಿನದನ್ನು ತಡವಿದಳು. ಹೊಸ ಮರದ ನುಣುಪು ಬಿಟ್ಟರೆ ಕೈಗೆ ಏನೂ ಸಿಗಲಿಲ್ಲ.

"ಏನ್ರೀ ಇದು?"

"ಸವೆದು ಹೋಗಿತ್ತು ಕಣೆ. ಸಮ ಮಾಡ್ದೆ. ನೋಡಿ ನೋಡಿ ನೀನು ಕೊರಗ್ತೀಯ ಅಂತ..."

"ಅಕ್ಕನ ಮನೇಲಿ ಹೇಗೆ ದಿನ ತಳ್ಳಿದೆ ಗೊತ್ತಾ? ಮನೆಗೆ ಹೋದ್ರೆ ಅವಳ ಹೆಜ್ಜೆ ಇರುತ್ತೆ, ಮುಟ್ಟಬಹುದು ಅಂತ. ಮಿಷನ್ ಯಾರು ಬೇಕಾದ್ರೂ ತುಳೀಬಹುದು, ಬಟ್ಟೆ ಯಾರು ಬೇಕಾದ್ರೂ ಹಾಕ್ಕೋಬಹುದು. ಇದು ಅವಳೊಬ್ಬಳದ್ದೇ ಅಲ್ವೇನ್ರೀ? ಯಾರು ಕೇಳಿದ್ರು ನಿಮ್ಮನ್ನ ಸಮ ಮಾಡಿ ಅಂತ?"

ಊರೆಲ್ಲ ಹೊಗಳುವ ತನ್ನ ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೋ ಅವನಿಗೆ ತಿಳಿಯಲಿಲ್ಲ. ಬಚ್ಚಲ ಒಲೆಯ ಬೂದಿಯನ್ನಾದರೂ ತಂದುಕೊಡಲೇ ಎಂಬ ಹುಚ್ಚು ಯೋಚನೆ ಬಂತು. ಆಗ ತಟ್ಟನೆ ಆ ಹಲಗೆ ನೆನಪಾಯಿತು. ಹೆಂಡತಿಯ ರಟ್ಟೆ ಹಿಡಿದು ಎಬ್ಬಿಸಿ, ಅಡುಗೆಮನೆಯ ಕಡೆಯಿಂದ ಮೆಟ್ಟಿಲ ಕೆಳಗೆ ಕರೆತಂದ. ಅವಳ ಕೈ ಎತ್ತಿ ನಡುವಿನ ಹಲಗೆಯ ತಳಕ್ಕೆ ತಾಗಿಸಿದ.

ಹಳ್ಳ ಅಲ್ಲಿತ್ತು. ಹಳೆಯ ಬಣ್ಣದಲ್ಲಿ, ಬೂಟಿನ ಗೀರುಗಳ ಸಮೇತ, ನೆಲಕ್ಕೆ ಮುಖ ಮಾಡಿಕೊಂಡು ಇತ್ತು. ಅವಳು ಮಗಳ ಪಾದವನ್ನೇ ಎತ್ತಿ ಹಿಡಿದವಳ ಹಾಗೆ ಅದಕ್ಕೆ ಅಂಗೈ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

"ಈಗ್ಲೇ ಬಿಚ್ತೀನಿ, ಮೊದಲಿದ್ದ ಹಾಗೇ ತಿರುಗಿಸಿ ಹಾಕ್ತೀನಿ," ಎಂದು ಅವನು ತಡವರಿಸಿದ.

"ಮುಟ್ಬೇಡಿ. ಮೇಲಿದ್ರೆ ನಾವಿಬ್ರೇ ತುಳಿದು ತುಳಿದು ಅಳಿಸಿಬಿಡ್ತೀವಿ. ಇಲ್ಲೇ ಇರ್ಲಿ."

ಮಗಳು ತೀರಿಕೊಂಡ ದಿನವೂ ಬಾರದ ಅಳು ಈಗ ಅವನಿಗೆ ಬಂತು. ತಾನೂ ಮುಟ್ಟಬೇಕು ಅನ್ನಿಸಿ ಕೈ ಎತ್ತಿದ. ಆ ಹಳ್ಳದಲ್ಲಿ ಒಂದೇ ಅಂಗೈಗೆ ಜಾಗವಿತ್ತು. ಅವಳು ತೆಗೆಯುವ ತನಕ ಪಕ್ಕದಲ್ಲಿ ನಿಂತು ಕಾದ.