ಮಂಡಕ್ಕಿಗೆ ಬಿದ್ದ ಬಿಳಿ ನೊರೆ

ಹಿರಿಯೂರಿನ ವೀರಮ್ಮನಿಗೆ ಸೊಸೆ ಸಹನಾಳ ಮೇಲೆ ಅನುಮಾನ ಹುಟ್ಟಿದ್ದು ಗುರುವಾರ. ಅಡುಗೆಮನೆಯ ಗೂಡಿನಲ್ಲಿ ಒಂದು ಪ್ಯಾಕೆಟ್ ಕಂಡಿತ್ತು. ಒಳಗೆ ಹತ್ತಿಯ ಉಂಡೆಯಂಥ ಮೆತ್ತನೆಯ ಮಿಠಾಯಿ, ಮಾರ್ಷ್‌ಮ್ಯಾಲೋ ಅಂತೆ. ತಿರುಗಿಸಿ ನೋಡಿದರೆ ಮೂಲೆಯಲ್ಲಿ ಮಾಂಸಾಹಾರದ ಕಂದು ಗುರುತು. ಕೊರಳಲ್ಲಿ ಲಿಂಗ ಕಟ್ಟಿಕೊಂಡವರ ಮನೆಗೆ ಇದು ಹೇಗೆ ಬಂತು ಎಂದು ಆಗಲೇ ಬಾಯಿಬಿಟ್ಟು ಕೇಳಿದ್ದರೆ ಮುಗಿದುಹೋಗುತ್ತಿತ್ತು. ವೀರಮ್ಮ ಕೇಳಲಿಲ್ಲ, ಕಣ್ಣಿಟ್ಟು ಕಾದಳು.

ಶುಕ್ರವಾರ ಪ್ಯಾಕೆಟ್ ಮಾಯ. ಕಸದ ಬುಟ್ಟಿಯನ್ನು ಕೆದಕಿದರೂ ಸಿಗಲಿಲ್ಲ.

ಶನಿವಾರ ಸಂಜೆ ಅವರ ಮನೆಯಲ್ಲೇ ಅಕ್ಕನ ಬಳಗ ಸೇರುವುದಿತ್ತು. ಇಪ್ಪತ್ತು ಹೆಂಗಸರು ಕೂತು ವಚನ ಹೇಳಿ, ಆ ಮನೆಯವರು ಕೊಟ್ಟ ಪ್ರಸಾದ ತಿಂದು ಹೋಗುವುದು ರೂಢಿ. ಮದುವೆಯಾಗಿ ಎಂಟು ತಿಂಗಳಾದ ಸಹನಾ, ಈ ಸಲದ್ದು ನಾನೇ ಮಾಡುತ್ತೇನೆ, ಮಂಡಕ್ಕಿಗೆ ಆ ಮಿಠಾಯಿ ಬೆರೆಸಿ ಕೊಬ್ಬರಿ ಮಿಠಾಯಿಯ ಹಾಗೆ ಕತ್ತರಿಸುತ್ತೇನೆ ಎಂದಿದ್ದಳು. ವೀರಮ್ಮ ಹನ್ನೆರಡು ವರ್ಷದಿಂದ ಬಳಗದ ಅಧ್ಯಕ್ಷೆ. ಅಷ್ಟು ಜನರ ಬಾಯಿಗೆ ತಿನ್ನಬಾರದ್ದು ಬಿದ್ದರೆ ಮುಖ ತೋರಿಸುವುದು ಹೇಗೆ ಎಂಬುದೇ ಅವಳ ಚಿಂತೆಯಾಯಿತು.

ಶನಿವಾರ ಬೆಳಿಗ್ಗೆ ಅಡುಗೆಮನೆಯ ಬಾಗಿಲು ಮುಚ್ಚಿತ್ತು. ಒಳಗೆ ಕಡೆಯುವ ಮೆಷಿನ್ನಿನ ಗರ್ರ್ ಸದ್ದು. ತಳ್ಳಿ ನೋಡಿದರೆ ಪಾತ್ರೆಯ ತುಂಬ ಬಿಳಿ ನೊರೆ. ವೀರಮ್ಮ ಮೊಟ್ಟೆ ಕಡೆಯುವುದನ್ನು ನೋಡಿದ್ದು ಟೀವಿಯಲ್ಲಿ ಮಾತ್ರ, ಆದರೆ ಅಷ್ಟೇ ಸಾಕಾಯಿತು. ಸೊಸೆಯನ್ನು ಒಂದು ಮಾತೂ ಕೇಳದೆ ಹಜಾರಕ್ಕೆ ಬಂದು, ಬಳಗದ ಪಾರ್ವತಮ್ಮನಿಗೆ ಫೋನ್ ಮಾಡಿದಳು.

"ಸಂಜೆ ಪ್ರಸಾದ ನೀವೇ ಮಾಡ್ಕೊಂಡು ಬರ್ರಿ. ನಮ್ಮ ಹುಡುಗಿ ಮಾಂಸದ್ದು ಹಾಕ್ತಾಳೋ, ಮೊಟ್ಟೆ ಹಾಕ್ತಾಳೋ, ನನಗಂತೂ ನಂಬಿಕೆ ಇಲ್ಲ."

ಪಾರ್ವತಮ್ಮನ ಕಿವಿಗೆ ಬಿದ್ದದ್ದು ಊರಿಗೆ ಡಂಗುರ ಹೊಡೆಸಿದಂತೆಯೇ.

ಫೋನ್ ಕೆಳಗಿಡುವಷ್ಟರಲ್ಲಿ ಹಿಂದಿನ ಬೀದಿಯ ಮಂಡಕ್ಕಿ ಭಟ್ಟಿಯ ಅಕ್ತರ್ ಬೀ, ಆಗಷ್ಟೇ ಹುರಿದ ಮಂಡಕ್ಕಿ ಹಿಡಿದು ಬಂದಳು. ನಿನ್ನೆ ನಮ್ಮ ಮನೆಯಲ್ಲಿ ಎರಡು ಸಲವೂ ಇಳಿದುಹೋಯಿತಲ್ಲ, ಇವತ್ತಾದರೂ ನೊರೆ ನಿಂತಿತೇ ಎಂದು ಕೇಳಿದಳು. ಯಾವ ನೊರೆ ಎಂದು ವೀರಮ್ಮ ಹುಬ್ಬು ಗಂಟಿಕ್ಕಿದಳು.

"ಕಡಲೆ ಬೇಯಿಸಿ ಬಸಿದ ಕಟ್ಟು ಕಣ್ರಿ. ಆ ಪ್ಯಾಕೆಟ್‌ನಾಗೆ ಎಲುಬಿನ ಅಂಟು ಇರ್ತೈತೆ, ಯಾವ ಪ್ರಾಣೀದೋ ಏನೋ, ನಾವೂ ತಿನ್ನಲ್ಲ ನೀವೂ ತಿನ್ನಲ್ಲ, ವಾಪಸ್ ಕೊಟ್ಟು ಬಾ ಅಂತ ನಾನೇ ಹೇಳ್ದೆ. ಪಾಪ, ಗೊತ್ತಿಲ್ದೆ ತಂದಿದ್ಲು."

ಆಮೇಲೆ ಹುಡುಗಿ ಫೋನಿನಲ್ಲಿ ನೋಡಿ ಬೇರೆ ದಾರಿ ಹುಡುಕಿದ್ದಳು: ಕಡಲೆಕಟ್ಟಿನ ನೊರೆಗೆ ಸಕ್ಕರೆ ಪಾಕ, ಎಲುಬಿನ ಅಂಟಿನ ಬದಲಿಗೆ ಕಡಲಪಾಚಿಯಿಂದ ಮಾಡಿದ ಚೈನಾ ಗ್ರಾಸ್. ವೀರಮ್ಮ ಒಳಗೆ ಇಣುಕಿದಳು. ಒಲೆಯ ಪಕ್ಕದ ಜರಡಿಯಲ್ಲಿ ಬೆಂದ ಕಡಲೆ ಇನ್ನೂ ಹಬೆಯಾಡುತ್ತಿತ್ತು. ನಲವತ್ತು ವರ್ಷ ಕಟ್ಟಿನ ಸಾರು ಮಾಡಿದವಳಿಗೆ ಕಟ್ಟು ಹೀಗೂ ನೊರೆಯಾಗುತ್ತದೆಂದು ಗೊತ್ತಿರಲಿಲ್ಲ. ಬಾಗಿಲಲ್ಲಿ ಸಹನಾ ನಿಂತಿದ್ದಳು. ಫೋನಿನಲ್ಲಿ ಆಡಿದ ಮಾತೆಲ್ಲ ಅವಳಿಗೆ ಕೇಳಿಸಿತ್ತು.

ವೀರಮ್ಮ ಪಾರ್ವತಮ್ಮನಿಗೆ ಮತ್ತೆ ಫೋನ್ ಮಾಡಿ ತಪ್ಪು ತನ್ನದೇ ಎಂದಳು. ಆಯ್ತು ಬಿಡ್ರಿ ಎಂದಳು ಪಾರ್ವತಮ್ಮ. ಸಂಜೆ ಎಲ್ಲರೂ ಬಂದರು. ಸಹನಾ ತಟ್ಟೆ ಹಿಡಿದು ಸಾಲಿನುದ್ದಕ್ಕೂ ಬಗ್ಗಿದಳು. ಒಬ್ಬರಿಗೆ ಸಕ್ಕರೆ ಕಾಯಿಲೆ, ಒಬ್ಬರಿಗೆ ಹಲ್ಲುನೋವು, ಇನ್ನೊಬ್ಬರಿಗೆ ಅವತ್ತೇ ಉಪವಾಸ. ವೀರಮ್ಮ ಎಲ್ಲರೆದುರು ಎರಡು ತುಂಡು ತಿಂದು, ಕಡಲೆಕಟ್ಟಿನ ಕಥೆಯನ್ನು ಮೂರು ಸಲ ಹೇಳಿದಳು. ಮಿಠಾಯಿ ನಿಜಕ್ಕೂ ಚೆನ್ನಾಗಿತ್ತು. ಖಾಲಿಯಾದದ್ದು ಮಾತ್ರ ಪಾರ್ವತಮ್ಮ ತಂದ ಕೇಸರಿಬಾತು.

ಮರುದಿನ ಬೆಳಿಗ್ಗೆ ಸಹನಾ ಒಡೆಯದ ಉಪ್ಪಿನ ಪ್ಯಾಕೆಟ್ಟನ್ನು ಅತ್ತೆಯ ಮುಂದೆ ಹಿಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಒಂದ್ಸಲ ಗುರುತು ನೋಡಿಬಿಡ್ರಿ ಅತ್ತೆ. ಆಮೇಲೆ ಕತ್ತರಿಸ್ತೀನಿ."

ಬೇಡ ಮಗಳೇ ಎಂದಳು ವೀರಮ್ಮ. ಸಹನಾ ಕದಲಲಿಲ್ಲ. ವೀರಮ್ಮ ಉಪ್ಪನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕೊಟ್ಟ ಮೇಲೆಯೇ ಸಹನಾ ಒಳಗೆ ಹೋಗಿ ಒಲೆ ಹಚ್ಚಿದಳು.