ಪ್ಲಂಕೆಟ್‌ನ ಬಟ್ಟಲು

"ಕೊನೇ ದಿನ ಕಿಲ್ಡೂನಾ ಇರ್ಲಿ," ಎಂದ ಫೋನಿನ ಆ ತುದಿಯಿಂದ ರೆಡ್ಮಂಡ್ ಪ್ಲಂಕೆಟ್. "ಮಿಕ್ಕ ಮೂರು ದಿನ ಎಲ್ಲಿ ಆಡಿಸ್ತೀರೋ ನಿಮಗೆ ಬಿಟ್ಟಿದ್ದು. ಸಿಹಿ ಮಾತ್ರ ಕೊನೇಲೇ ಬಡಿಸ್ಬೇಕು, ಅಲ್ವಾ?"

"ಹಾಗೇ ಮಾಡೋಣ ಸರ್," ಎಂದಳು ಡರ್ವ್ಲಾ ಕೀಗನ್. "ಆದ್ರೆ ಕಿಲ್ಡೂನಾದಲ್ಲಿ ಗಾಡಿ ಕೊಡಲ್ಲ. ಹದಿನೆಂಟು ಕುಳೀನೂ ನಡೆದೇ ಆಡ್ಬೇಕು. ನಿಮ್ಮ ಸೊಂಟದ ವಿಷಯ ಬರೆದಿದ್ರಿ..."

"ಸೊಂಟ ಹೊಸದು ಕಣಮ್ಮ, ಹೋದ ವರ್ಷ ಹಾಕ್ಸಿದ್ದು. ಹಳೇದಾಗಿರೋದು ನಾನು." ಅವನು ತನ್ನ ಮಾತಿಗೆ ತಾನೇ ನಕ್ಕ. "ಚೀಲ ಹೊರೋಕೆ ಕ್ಯಾಡಿಗಳಿದ್ರೆ ಸಾಕು. ಹನ್ನೆರಡು ಜನಕ್ಕೆ ಹನ್ನೆರಡು ಜನ. ಇನ್ನೊಂದು, ಹದಿಮೂರನೇ ಕುಳಿ ಹತ್ರ ಮೂರೂ ಗುಂಪು ಒಟ್ಟಿಗೆ ಸೇರೋ ಹಾಗೆ ನೋಡ್ಕೊಳ್ಳಿ. ಅಲ್ಲಿ ನಾನು ನಾಕು ಮಾತಾಡ್ಬೇಕು. ಅದು ನನ್ನ ಕುಳಿ, ಗೊತ್ತಲ್ಲ? ನನ್ನ ಹೆಸರೇ ಇದೆ."

"ಗೊತ್ತು ಸರ್."

ಗೊತ್ತಿಲ್ಲದೆ ಏನು. ವೆಸ್ಟ್‌ಪೋರ್ಟಿನಲ್ಲಿ ಮಾಂಸದಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಕೂತು ಡರ್ವ್ಲಾ ಹದಿನೇಳು ವರ್ಷಗಳಿಂದ ಇಂಥ ಗಾಲ್ಫ್ ಪ್ರವಾಸಗಳನ್ನು ಹೊಂದಿಸಿ ಕೊಡುತ್ತಿದ್ದಳು. ಕಡಲಂಚಿನ ಮರಳುದಿಬ್ಬಗಳ ನಡುವಿನ ಮೈದಾನಗಳು, ಅವುಗಳ ಗಾಳಿ, ಯಾವ ಹೋಟೆಲಿನಲ್ಲಿ ಬಿಸಿನೀರು ಎಷ್ಟು ಹೊತ್ತು ಬರುತ್ತದೆ ಎಂಬುದರವರೆಗೆ ಎಲ್ಲವೂ ಅವಳ ನಾಲಿಗೆಯ ತುದಿಯಲ್ಲಿದ್ದವು. ಕಿಲ್ಡೂನಾಕ್ಕೂ ಅವಳು ನೂರಾರು ಜನರನ್ನು ಕಳಿಸಿದ್ದಳು. ದೊಡ್ಡವಳಾದ ಮೇಲೆ ತಾನು ಮಾತ್ರ ಕ್ಲಬ್ಬಿನ ಕಾರು ನಿಲ್ಲಿಸುವ ಜಾಗ ದಾಟಿ ಒಳಗೆ ಕಾಲಿಟ್ಟಿರಲಿಲ್ಲ. ಕೀಗನ್ ಎಂಬುದು ಗಂಡನ ಮನೆಯ ಹೆಸರು. ಹುಟ್ಟಿದಾಗ ಅವಳು ಹೆನೆಗನ್.

ಅವಳಪ್ಪ ಉಲ್ತನ್ ಹೆನೆಗನ್ ಕಿಲ್ಡೂನಾದಲ್ಲಿ ಹುಲ್ಲು ನೋಡಿಕೊಳ್ಳುವ ಕೆಲಸದವನಾಗಿದ್ದ. ಹದಿಮೂರನೆಯ ಕುಳಿಯ ದೊಡ್ಡ ದಿಬ್ಬದ ಹಿಂದೆ ಬಟ್ಟಲಿನಂತೆ ತಗ್ಗಾದ ಒಂದು ಜಾಗವಿತ್ತು. ಮೊಲಗಳು ಮೇಯುತ್ತಿದ್ದ ಆ ತಗ್ಗಿಗೆ ಗಾಳಿ ತಾಕುವುದಿಲ್ಲ ಎಂದು ಕಂಡುಕೊಂಡವನು ಅವನು. ಎರಡು ಚಳಿಗಾಲ ಗುದ್ದಲಿ, ಕುಡುಗೋಲು ಹಿಡಿದು ಅಲ್ಲಿ ಹುಲ್ಲಿನ ಹಾಸು ಎಬ್ಬಿಸಿದವನೂ ಅವನೇ. ಶಾಲೆ ಮುಗಿಸಿ ಡರ್ವ್ಲಾ ಫ್ಲಾಸ್ಕಿನಲ್ಲಿ ಚಹಾ ತೆಗೆದುಕೊಂಡು ಹೋದರೆ, ಅವನು ಮೊಣಕಾಲೂರಿ ಕೂತು ಅಂಗೈಯಿಂದ ಮಣ್ಣು ಸವರುತ್ತಿರುತ್ತಿದ್ದ. ಆಡುವವರಿಗೆ ದಿಬ್ಬದ ಈಚೆಯಿಂದ ಕುಳಿ ಕಾಣದು, ನಂಬಿ ಹೊಡೆಯಬೇಕು. ಅದನ್ನು ನೋಡಲೆಂದೇ ಡಬ್ಲಿನ್ನಿನಿಂದ ಜನ ಬರತೊಡಗಿದರು. ಆಮೇಲೆ ದಿಬ್ಬದ ಈಚೆ ಹಿತ್ತಾಳೆಯ ಫಲಕ ಬಂತು: ‘ಪ್ಲಂಕೆಟ್‌ನ ಬಟ್ಟಲು’. ಪ್ಲಂಕೆಟ್ ಆಗ ಊರಿನಲ್ಲಿ ವಕೀಲ, ಕ್ಲಬ್ಬಿನ ಕ್ಯಾಪ್ಟನ್.

ಕ್ಲಬ್ಬಿನ ವರ್ಷದ ಔತಣದ ದಿನ ಉಲ್ತನ್ ಕೆಲಸದ ಕೋಟಿನಲ್ಲೇ ಮುಂಬಾಗಿಲಿನಿಂದ ಒಳಗೆ ಹೋಗಿ, ಎಲ್ಲರೆದುರು ಹೇಳಿದ: "ಆ ಜಾಗ ಕಂಡಿದ್ದು ನಾನು, ಮಾಡಿದ್ದು ನಾನು. ಅಷ್ಟು ಹೇಳಿದ್ರೆ ಸಾಕು, ಬೇರೆ ಏನೂ ಬೇಡ." ಮರುದಿನ ಕೆಲಸ ಹೋಯಿತು. ಕುಡಿದು ಬಂದು ಕ್ಯಾಪ್ಟನ್ನರಿಗೆ ಅವಮಾನ ಮಾಡಿದ ಎಂದು ಕಾಗದದಲ್ಲಿ ಬರೆದಿದ್ದರು. ಉಲ್ತನ್ ಹದಿನಾರನೆಯ ವಯಸ್ಸಿನಲ್ಲಿ ಇಗರ್ಜಿಯಲ್ಲಿ ಮದ್ಯ ಮುಟ್ಟೆನೆಂದು ಪ್ರತಿಜ್ಞೆ ಮಾಡಿದವನು, ಅದರ ಪುಟ್ಟ ಪದಕವನ್ನು ಸಾಯುವ ತನಕ ಕೋಟಿನಿಂದ ತೆಗೆಯದವನು. ಊರಿಗೆಲ್ಲ ಅದು ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ. ಅವನು ಮೀನಿನ ಕಾರ್ಖಾನೆಯಲ್ಲಿ ಮಂಜುಗಡ್ಡೆ ಎತ್ತುವ ಕೆಲಸಕ್ಕೆ ಸೇರಿದ. ಭಾನುವಾರ ಪೂಜೆ ಮುಗಿಸಿ ಬರುವಾಗ ಮೈದಾನ ಕಣ್ಣಿಗೆ ಬೀಳಬಾರದೆಂದು ಎರಡು ಮೈಲಿ ಸುತ್ತಿ ಬರುತ್ತಿದ್ದ. ಡರ್ವ್ಲಾಗೆ ಆಗ ಹದಿಮೂರು. ಆ ಎರಡು ಮೈಲಿಯನ್ನು ಅವಳೂ ಅವನ ಜೊತೆ ನಡೆದಿದ್ದಳು.

ಈಗ ಪ್ಲಂಕೆಟ್‌ಗೆ ಎಪ್ಪತ್ತೈದು ತುಂಬುತ್ತಿತ್ತು. ಹನ್ನೊಂದು ಜನ ಗೆಳೆಯರನ್ನು ಕಟ್ಟಿಕೊಂಡು ಅವನು ಬರುವವನಿದ್ದ, ಮತ್ತು ಆ ಪ್ರವಾಸ ಹೊಂದಿಸುವ ಕೆಲಸ ಡರ್ವ್ಲಾಳ ಮೇಜಿಗೇ ಬಂದು ಬಿದ್ದಿತ್ತು.

ಮೊದಲ ವಾರ ಅವಳ ಸೇಡು ಚಿಲ್ಲರೆಯದಾಗಿತ್ತು. ಡೊನೆಗಾಲಿನ ಹೋಟೆಲಿನಲ್ಲಿ ಅವನಿಗೆ ಅಡುಗೆಮನೆಯ ಹೊಗೆಗೂಡಿನ ಪಕ್ಕದ ಕೋಣೆ ಬರೆದಳು. ಸ್ಲೈಗೋದಲ್ಲಿ ಉಬ್ಬರದ ಹೊತ್ತಿಗೆ, ಗಾಳಿ ಮುಖಕ್ಕೆ ಉಗಿಯುವ ಗಳಿಗೆಗೆ ಸರಿಯಾಗಿ ಆಟ ಇಟ್ಟಳು. ಬರೆದು, ನೋಡಿ, ಒಂದೊಂದನ್ನೇ ಅಳಿಸಿದಳು. ಒಂದು ರಾತ್ರಿ ನಿದ್ದೆಗೆಟ್ಟರೆ ಅವನದೇನು ಹೋಗುತ್ತದೆ? ಅಲ್ಲದೆ ಅವನು ಮಾತಿನಲ್ಲಿ ಮೃದು. ಅವಳ ಕೆಮ್ಮು ಕೇಳಿ ಜೇನುತುಪ್ಪ ಕಳಿಸಿದ್ದ. ಬಿಟ್ಟುಬಿಡೋಣವೇ, ಮುದುಕ, ಆಡಿಕೊಂಡು ಹೋಗಲಿ ಎಂದು ಒಂದೆರಡು ಸಲ ಅವಳಿಗೆ ಅನ್ನಿಸಿದ್ದೂ ಉಂಟು.

ಆಗಸ್ಟಿನಲ್ಲಿ ಅವನು ಮತ್ತೆ ಫೋನು ಮಾಡಿದ. ಗೆಳೆಯರಿಗೆಲ್ಲ ಒಂದೊಂದು ಕಾರ್ಡು ಅಚ್ಚು ಹಾಕಿಸಿ ಕೊಡಬೇಕಂತೆ, ಕುಳಿಯ ಕಥೆ. "ನಾನು ಹೇಳ್ತೀನಿ, ನೀವು ಬರ್ಕೊಳ್ಳಿ."

ಅವಳು ಬರೆದುಕೊಂಡಳು. ಜನವರಿಯ ಒಂದು ಸಂಜೆ ಕ್ಯಾಪ್ಟನ್ ಪ್ಲಂಕೆಟ್ ಅವರು ನಾಯಿಯೊಡನೆ ಒಂಟಿಯಾಗಿ ಅಲೆಯುತ್ತಿದ್ದಾಗ ಈ ಬಟ್ಟಲು ಅವರ ಕಣ್ಣಿಗೆ ಬಿತ್ತು. ಎರಡು ಚಳಿಗಾಲ ಅವರು ಮುಂದೆ ನಿಂತು ಕೆಲಸ ಮಾಡಿಸಿದರು. ಕೂಲಿಯವನೊಬ್ಬನಿದ್ದ, ಕುಡುಕ, ಎಲ್ಲಿ ಅಗೆಯಬೇಕೆಂದು ದಿನವೂ ಬೆರಳು ಮಾಡಿ ತೋರಿಸಬೇಕಾಗಿತ್ತು.

"ಆ ಕುಡುಕನ ಸಾಲು ಇರ್ಲಿ," ಎಂದ ಪ್ಲಂಕೆಟ್. "ಜನ ನಗ್ತಾರೆ."

"ಆ ಕೂಲಿಯವರ ಹೆಸರು ಹಾಕೋದಾ ಸರ್?"

"ಹೆಸರಾ?" ಅವನು ತುಸು ತಡೆದ. "ನೆನಪಿಲ್ಲ ಕಣಮ್ಮ. ಹಾಕಿದ್ರೂ ಯಾರಿಗ್ ಬೇಕು."

ಡರ್ವ್ಲಾ ಒಂದಕ್ಷರ ಬದಲಾಯಿಸದೆ ಕಾರ್ಡು ಅಚ್ಚು ಹಾಕಿಸಿದಳು. ಒಳ್ಳೆ ದಪ್ಪ ಕಾಗದ, ಅಂಚಿಗೆ ಹಸಿರು ಗೆರೆ. ಒಂದನ್ನು ಹೆಚ್ಚಿಗೆ ಹಾಕಿಸಿ, ಅದನ್ನು ಕೈಚೀಲದಲ್ಲಿಟ್ಟುಕೊಂಡು ಪ್ಯಾಕಿ ಲಾವೆಲ್‌ನ ಮನೆಗೆ ಹೋದಳು.

ಪ್ಯಾಕಿ ಕಿಲ್ಡೂನಾದ ಕ್ಯಾಡಿಗಳ ಮೇಸ್ತ್ರಿ. ಅಂಗಳದಲ್ಲಿ ಏಡಿ ಹಿಡಿಯುವ ಬುಟ್ಟಿಗೆ ಹಗ್ಗ ಕಟ್ಟುತ್ತಿದ್ದವನು ಅವಳ ಮಾತು ಮುಗಿಯುವ ತನಕ ತಲೆ ಎತ್ತಲಿಲ್ಲ.

"ಆಗಲ್ಲ ಮಗಳೇ," ಎಂದ ಕೊನೆಗೆ. "ಆಟದ ನಡುವೆ ಚೀಲ ಕೆಳಗಿಟ್ರೆ ಮಾರನೇ ದಿನ ನಾವೂ ಕೆಳಗೇ. ನಿನ್ನನ್ನೂ ಕ್ಲಬ್ಬಿನವರು ಹತ್ರ ಸೇರಿಸಲ್ಲ. ಸತ್ತೋರು ಸತ್ತಾಯ್ತು. ಉಲ್ತನ್‌ಗೆ ಇದ್ರಿಂದ ಏನ್ ಸಿಗುತ್ತೆ?"

"ಅಪ್ಪನಿಗೆ ಏನೂ ಸಿಗಲ್ಲ. ನನಗೆ ಬೇಕು."

"ಸೇಡಾ?"

"ಹೌದು, ಸೇಡೇ. ಬೇರೆ ಚಂದದ ಹೆಸರು ಯಾಕಿಡ್ಬೇಕು ಅದಕ್ಕೆ?"

ಅವಳು ಕಾರ್ಡು ಕೊಟ್ಟಳು. ಪ್ಯಾಕಿ ಕನ್ನಡಕಕ್ಕೆ ತಡಕಾಡಿ, ಸಿಗದೆ, ಕಾರ್ಡನ್ನು ತೋಳಿನಷ್ಟು ದೂರ ಹಿಡಿದು ಓದಿದ. ತುಟಿ ಅಲುಗುತ್ತಿದ್ದುದು ಒಂದು ಸಾಲಿನ ಬಳಿ ನಿಂತಿತು. ಆ ಸಾಲನ್ನು ಅವನು ಎರಡು ಸಲ ಓದಿದ.

"ಆ ಔತಣದ ದಿನ ನಾನು ಬಾಗಿಲ ಹತ್ರಾನೇ ನಿಂತಿದ್ದೆ," ಎಂದ. "ನಿಮ್ಮಪ್ಪ ಹೊರಗೆ ಬಂದಾಗ ನನ್ನ ಮುಖ ನೋಡಿದ್ರು. ನಾನು ಕೋಟುಗಳನ್ನ ಎಣಿಸೋರ ಥರ ಆ ಕಡೆ ತಿರುಗ್ಕೊಂಡೆ." ಕಾರ್ಡನ್ನು ಮಡಿಚಿ ಟೋಪಿಯೊಳಗೆ ಸಿಕ್ಕಿಸಿಕೊಂಡ. "ಹನ್ನೆರಡು ಜನ ಅಂದ್ಯಾ? ಎಲ್ಲಾ ನಮ್ಮ ಕಾಲದೋರನ್ನೇ ಹಾಕ್ತೀನಿ. ಹುಡುಗರು ಬೇಡ, ಅವರಿಗೆ ಇನ್ನೂ ಬದುಕೋದಿದೆ."

ಸೆಪ್ಟೆಂಬರಿನ ಮೂರನೆಯ ವಾರ ಅವರು ಬಂದರು. ಮೊದಲ ಮೂರು ದಿನ ಒಂದು ಕೂದಲೆಳೆಯೂ ತಪ್ಪಲಿಲ್ಲ. ಒಳ್ಳೆ ಕೋಣೆ, ಬಿಸಿ ಸೂಪು, ಹೊತ್ತಿಗೆ ಸರಿಯಾಗಿ ಬಸ್ಸು. ಪ್ರತಿ ಸಂಜೆಯೂ ಪ್ಲಂಕೆಟ್ ಅವಳಿಗೆ ಸಂದೇಶ ಕಳಿಸುತ್ತಿದ್ದ: ಇಷ್ಟು ಅಚ್ಚುಕಟ್ಟಾದ ಪ್ರವಾಸ ನನ್ನ ಜನ್ಮದಲ್ಲಿ ಕಂಡಿಲ್ಲ. ಡರ್ವ್ಲಾ ಪ್ರತಿ ಸಂದೇಶಕ್ಕೂ ವಂದನೆ ಬರೆದಳು. ಕೊನೆಯ ದಿನ ಫೋಟೋ ತೆಗೆಯಲು ನೀವೇ ಬರಬೇಕು ಎಂದು ಅವನು ಒತ್ತಾಯ ಮಾಡಿದ್ದ. ಬರುತ್ತೇನೆ ಎಂದಿದ್ದಳು.

ಶುಕ್ರವಾರ ಮಧ್ಯಾಹ್ನ ಮೂರೂ ಗುಂಪುಗಳು ಹದಿಮೂರನೆಯ ಕುಳಿಗೆ ಚೆಂಡು ಹೊಡೆಯುವ ಕಟ್ಟೆಯ ಬಳಿ ಸೇರಿದವು. ಎದುರಿಗೆ ಬಿರುಸು ಹುಲ್ಲಿನ ದೊಡ್ಡ ದಿಬ್ಬ. ಅದರ ನೆತ್ತಿಯ ಮೇಲೆ ದಿಕ್ಕು ತೋರುವ ಬಿಳಿಯ ಕಲ್ಲು. ಪ್ಲಂಕೆಟ್ ಕೈಗಳನ್ನು ಹಿಂದೆ ಕಟ್ಟಿಕೊಂಡು ಫಲಕದ ಪಕ್ಕ ನಿಂತ. ಗಾಳಿಗೆ ಅವನ ಬಿಳಿಗೂದಲು ಒಂದೇ ಕಡೆ ಎದ್ದು ನಿಂತಿತ್ತು. ನಾಯಿಯ ಕಥೆ ಹೇಳಿದ, ಜನವರಿಯ ಸಂಜೆಯ ಕಥೆ ಹೇಳಿದ. ಕುಡುಕ ಕೂಲಿಯವನ ಮಾತಿಗೆ ಗೆಳೆಯರು ನಿಜವಾಗಿಯೂ ನಕ್ಕರು. ಡರ್ವ್ಲಾ ನಗುವ ಮುಖಗಳ ಫೋಟೋ ತೆಗೆದಳು.

"ಸರಿ, ಆಡೋಣ," ಎಂದು ಪ್ಲಂಕೆಟ್ ತನ್ನ ಕ್ಯಾಡಿಯ ಕಡೆ ಕೈ ಚಾಚಿದ.

ಪ್ಯಾಕಿ ಹೆಗಲಿನಿಂದ ಚೀಲ ಇಳಿಸಿ ಹುಲ್ಲಿನ ಮೇಲೆ ಮಲಗಿಸಿದ. ಅವನ ಹಿಂದೆ ಒಬ್ಬೊಬ್ಬರಾಗಿ ಹನ್ನೊಂದು ಜನವೂ ಇಳಿಸಿದರು.

"ಏನಿದು?" ಎಂದ ಪ್ಲಂಕೆಟ್.

"ನಾವು ಈ ಕುಳೀಲಿ ಹೊರಲ್ಲ ಸರ್. ಹದಿನಾಲ್ಕರ ಹತ್ರ ಕಾಯ್ತಿರ್ತೀವಿ."

ಗೆಳೆಯರಲ್ಲಿ ಶೆರಿಡನ್ ಎಂಬ ಡಾಕ್ಟರಿದ್ದರು. ಅವರು ಇದೂ ಒಂದು ತಮಾಷೆಯೆಂದು ನಗುತ್ತಲೇ ಕೇಳಿದರು, "ಯಾಕಪ್ಪಾ? ಇಲ್ಲೇನು ದೆವ್ವ ಇದೆಯಾ?"

"ಇಲ್ಲ ಸರ್. ಇದನ್ನ ಮಾಡಿದೋರಿಗೆ ಮರ್ಯಾದೆ."

"ಮಾಡಿದೋರು ಇಲ್ಲೇ ನಿಂತಿದ್ದಾರಲ್ಲ."

"ಅವರು ಇಗರ್ಜಿ ಹಿಂದೆ ಮಲಗಿ ಇಪ್ಪತ್ನಾಕು ವರ್ಷ ಆಯ್ತು ಸರ್," ಎಂದ ಪ್ಯಾಕಿ. ಅವನ ದನಿ ಏರಲಿಲ್ಲ. "ಇವರು ನಾಯಿ ಕರ್ಕೊಂಡು ಬರ್ತಿದ್ದಿದ್ದು ನಿಜ. ಎಲ್ಲಾ ಮುಗಿದ ಮೇಲೆ."

ಪ್ಲಂಕೆಟ್‌ನ ಕತ್ತು ಕೆಂಪೇರಿತು. "ನೋಡಿ, ಇದು ಹಳೇ ಹೊಟ್ಟೆಕಿಚ್ಚು. ಆ ಹೆನೆಗನ್ ಕುಡಿದು ಬಂದು ಔತಣದಲ್ಲಿ ಗಲಾಟೆ ಮಾಡಿದ..."

"ಹೆಸರು ನೆನಪಿಲ್ಲ ಅಂದಿದ್ರಿ ಸರ್," ಎಂದಳು ಡರ್ವ್ಲಾ.

ಅವನು ಅವಳ ಕಡೆ ತಿರುಗಿದ. ಎಂಟು ತಿಂಗಳು ಫೋನಿನಲ್ಲಿ ಕೇಳಿದ ದನಿಗೆ ಈಗ ತಾನೇ ಮುಖ ಸಿಕ್ಕಿದಂತೆ ಅವಳನ್ನು ದಿಟ್ಟಿಸಿದ. ಹಣೆ, ಅಗಲವಾದ ದವಡೆ. ಅವನಿಗೆ ಗುರುತು ಸಿಕ್ಕಿತು.

"ನೀವು..."

"ಮಗಳು."

"ಉಲ್ತನ್ ಹೆನೆಗನ್ ಪ್ರತಿಜ್ಞೆ ಮಾಡಿದ ಮನುಷ್ಯ," ಎಂದ ಪ್ಯಾಕಿ, ಡಾಕ್ಟರ ಕಡೆ ನೋಡಿ. "ಪದಕ ಹಾಕ್ಕೊಂಡೇ ಮಣ್ಣಾದ್ರು. ಒಂದು ತೊಟ್ಟು ಮುಟ್ಟಿದೋರಲ್ಲ. ಊರಲ್ಲಿ ಯಾರನ್ನ ಬೇಕಾದ್ರೂ ಕೇಳಿ. ಕೇಳಿದ್ರೆ ಈಗ ಹೇಳ್ತೀವಿ." ಟೋಪಿ ಸರಿಮಾಡಿಕೊಂಡು ಅವನು ದಿಬ್ಬವನ್ನು ಬಳಸಿ ಹೋಗುವ ತಗ್ಗಿನ ದಾರಿ ಹಿಡಿದ. ಹನ್ನೊಂದು ಜನ ಅವನ ಹಿಂದೆ ಹೋದರು.

ಪ್ಲಂಕೆಟ್ ಬಗ್ಗಿ ತಾನೇ ಚೀಲದಿಂದ ಕೋಲು ತೆಗೆದು, ಚೆಂಡು ಇಟ್ಟು, ಹೊಡೆದ. ಚೆಂಡು ಬಿಳಿಗಲ್ಲಿನ ಮೇಲೆ ಹಾದು ಆಚೆಗೆ ಬಿತ್ತು. ಒಳ್ಳೆ ಹೊಡೆತ. ಯಾರೂ ಹಾಗೆನ್ನಲಿಲ್ಲ. "ಬನ್ನಿ," ಎನ್ನುತ್ತ ಅವನು ಚೀಲವನ್ನು ಹೆಗಲಿಗೆ ಎಳೆದುಕೊಂಡ. ಭಾರಕ್ಕೆ ಒಂದು ಹೆಜ್ಜೆ ವಾಲಿ, ಸಾವರಿಸಿಕೊಂಡು ದಿಬ್ಬ ಹತ್ತತೊಡಗಿದ.

ಡಾಕ್ಟರ್ ಶೆರಿಡನ್ ಜೇಬಿನಿಂದ ಕಾರ್ಡು ತೆಗೆದು ನೋಡಿದರು, ಡರ್ವ್ಲಾಳನ್ನು ನೋಡಿದರು. ಆಮೇಲೆ ತಮ್ಮ ಚೀಲ ಎತ್ತಿಕೊಂಡು ಕ್ಯಾಡಿಗಳು ಹೋದ ದಾರಿಯಲ್ಲಿ ನಡೆದರು. ಇನ್ನೊಬ್ಬ ದಿಬ್ಬದ ಕಡೆ ನಾಲ್ಕು ಹೆಜ್ಜೆ ಇಟ್ಟು, ಬಗ್ಗಿ ಬೂಟಿನ ದಾರ ಕಟ್ಟಿ, ಹಿಂದಕ್ಕೆ ಬಂದ. ಸ್ವಲ್ಪ ಹೊತ್ತಿಗೆ ಮಿಕ್ಕವರೆಲ್ಲ ಡಾಕ್ಟರ ಹಿಂದೆ ಹೋಗಿ, ಕಟ್ಟೆಯ ಬಳಿ ಡರ್ವ್ಲಾ ಒಬ್ಬಳೇ ಉಳಿದಳು. ಪ್ಲಂಕೆಟ್ ನೆತ್ತಿಯ ಮೇಲೆ ನಿಂತು ಹಿಂದಿರುಗಿ ನೋಡಿದ. ಯಾರೂ ಬರುತ್ತಿಲ್ಲವೆಂದು ಕಂಡು ಆಚೆಗೆ ಇಳಿದ. ಅವನ ಮೇಲೆ ಮರುಕ ಬರಬಹುದೇನೋ ಎಂದು ಅವಳು ಕಾದಳು. ಬರಲಿಲ್ಲ.

ಅವನು ಹದಿನಾಲ್ಕಕ್ಕೆ ಬರಲೇ ಇಲ್ಲ. ಕಡಲಂಚಿನ ದಾರಿ ಹಿಡಿದು ಕ್ಲಬ್ಬಿಗೆ ಹೋಗಿ, ಟ್ಯಾಕ್ಸಿ ಕರೆಸಿಕೊಂಡು, ಆ ರಾತ್ರಿಯ ಔತಣಕ್ಕೂ ನಿಲ್ಲದೆ ಹೊರಟುಹೋದ. ಸಂಜೆ ಕ್ಲಬ್ಬಿನ ಕಾರ್ಯದರ್ಶಿ ಕಾರುಗಳ ಬಳಿಗೇ ಬಂದು, ಇನ್ನು ಮುಂದೆ ಡರ್ವ್ಲಾಳ ಕಡೆಯವರಿಗೆ ಇಲ್ಲಿ ಆಟದ ಸಮಯ ಕೊಡುವುದಿಲ್ಲ, ಪ್ಯಾಕಿ ನಾಳೆಯಿಂದ ಬರುವುದು ಬೇಡ ಎಂದು ಹೇಳಿದ. ಉಳಿದ ಹನ್ನೊಂದು ಕ್ಯಾಡಿಗಳನ್ನೂ ತೆಗೆದರೆ ಅಕ್ಟೋಬರಿನ ಪಂದ್ಯಕ್ಕೆ ಜನ ಸಾಲದಾದ್ದರಿಂದ ಅವರ ವಿಷಯ ಎತ್ತಲಿಲ್ಲ.

"ಮೊಣಕಾಲು ರಜ ಕೇಳ್ತಾನೇ ಇತ್ತು," ಎಂದ ಪ್ಯಾಕಿ. "ನಿನಗೆ ತೃಪ್ತಿ ಆಯ್ತಾ?"

"ಆಯ್ತು," ಎಂದಳು ಡರ್ವ್ಲಾ. ಅದು ನಿಜವಾಗಿತ್ತು.

ಪ್ಯಾಕಿ ಹೋದ ಮೇಲೆ ಅವಳು ಬೇಲಿಯ ಗೇಟು ತೆಗೆದು ಮತ್ತೆ ಮೈದಾನಕ್ಕೆ ಬಂದಳು. ಬಿಸಿಲು ಕಡಲ ಮೇಲೆ ಇನ್ನೂ ಇತ್ತು. ಆ ದಿನ ಅವರ ಹಿಂದೆ ಬೇರೆ ಯಾರೂ ಆಡಿರಲಿಲ್ಲ. ಬಿರುಸು ಹುಲ್ಲನ್ನು ಹಿಡಿದುಕೊಂಡು ದಿಬ್ಬ ಹತ್ತಿ, ಮೂವತ್ತಮೂರು ವರ್ಷಗಳ ಮೇಲೆ ಆ ತಗ್ಗಿಗೆ ಇಳಿದಳು. ಕೆಳಗೆ ಗಾಳಿ ನಿಂತುಹೋಯಿತು. ಹಾಸಿನ ನಡುವೆ, ಕುಳಿಯಿಂದ ಎರಡು ಗೇಣು ಈಚೆಗೆ ಪ್ಲಂಕೆಟ್‌ನ ಚೆಂಡು ಹಾಗೇ ಬಿದ್ದಿತ್ತು. ಅವನು ಅದನ್ನು ಕುಳಿಗೂ ತಳ್ಳಿರಲಿಲ್ಲ, ಎತ್ತಿಕೊಂಡೂ ಹೋಗಿರಲಿಲ್ಲ. ಅದರ ಪಕ್ಕ ಮೆತ್ತನೆಯ ಹುಲ್ಲಿನಲ್ಲಿ ಒಂದೇ ಜೊತೆ ಬೂಟಿನ ಗುರುತು, ಬಹಳ ಹೊತ್ತು ನಿಂತವರದು.

ಡರ್ವ್ಲಾ ಬೂಟು ಕಳಚಿಟ್ಟು, ಚೆಂಡನ್ನು ಮುಟ್ಟದೆ ಸುತ್ತಿಕೊಂಡು ಹಾಸಿನ ಆಚೆ ಅಂಚಿಗೆ ಹೋಗಿ ಕೂತು, ಅಂಗೈಯನ್ನು ಹುಲ್ಲಿನ ಮೇಲೆ ಊರಿದಳು. ಹುಲ್ಲು ತಣ್ಣಗಿತ್ತು.